ಪಕ್ಕದ ಮನೆ ವಿಷಲ್ಲಿಗೆ ಒಲೆ ಆರಿಸಿದವರು

ಕುಕ್ಕರ್ ಅನ್ನೋ ಪದಾರ್ಥ ನಮ್ಮ ಮನೆಗೆ ಬಂದಾಗಿನಿಂದ ನಾನು ಪಕ್ಕದ ಮನೆ ವಿಷಲ್ಲಿಗೆ ನಮ್ಮ ಮನೆ ಒಲೆ ಆರಿಸುತ್ತಾ ಬಂದಿದ್ದೇನೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ವಠಾರದಲ್ಲಿ ಸಂಸಾರ ಮಾಡಿದ ಯಾರನ್ನಾದರೂ ಕೇಳಿ ನೋಡಿ. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ನಡುವೆ ಒಂದು ಅಂಗಳ, ಅಂಗಳದಲ್ಲಿ ಒಂದು ತೆಂಗಿನಮರ, ಮೆಟ್ಟಿಲಿರುವ ಒಂದು ನೀರಿನ ಟ್ಯಾಂಕು, ಸುತ್ತ ಮನೆಗಳು. ಕಟ್ಟಿಸಿದ ಪುಣ್ಯಾತ್ಮ ಎಲ್ಲ ಅಡುಗೆಮನೆ ಕಿಟಕಿಗಳನ್ನೂ ಅಂಗಳಕ್ಕೇ ತೆಗೆದಿದ್ದಾನೆ. ಬೆಳಿಗ್ಗೆ ಎಲ್ಲರೂ ಒಂದೇ ಹೊತ್ತಿಗೆ ಕುಕ್ಕರ್ ಇಡುತ್ತೇವೆ. ಎಲ್ಲೋ ಒಂದು ಕಡೆ ‘ಸ್ಸ್’ ಅನ್ನುತ್ತದೆ. ಅಷ್ಟೂ ಮನೆಯ ಹೆಂಗಸರು ಮನಸ್ಸಿನಲ್ಲೇ ‘ಒಂದಾಯ್ತು’ ಅಂದುಕೊಳ್ಳುತ್ತೇವೆ. ಹೀಗಾಗಿ ನಮ್ಮ ಮನೆ ಅನ್ನ ನೆನೆಸಿದ ಅಕ್ಕಿಯ ಹಾಗೆ, ಎದುರುಮನೆ ಪದ್ಮಮ್ಮನ ಅನ್ನ ಗೋಡೆಗೆ ಪೋಸ್ಟರ್ ಅಂಟಿಸುವ ಹಿಟ್ಟಿನ ಹಾಗೆ. ನಮ್ಮ ಯಜಮಾನರು ಅಕ್ಕಿಪೇಟೆಯಲ್ಲಿ ಅಕ್ಕಿ ಅಂಗಡಿ ಇಟ್ಟಿದ್ದರು. ಬದುಕಿರೋವರೆಗೂ ಅವರದು ಒಂದೇ ಬೇಡಿಕೆ. ಅನ್ನ ಹೇಗಾದರೂ ಇರಲಿ, ಹೊರಗಿನವರಿಗೆ ಬಡಿಸಬೇಡ, ಅಕ್ಕಿ ವ್ಯಾಪಾರಕ್ಕೆ ಹೊಡೆತ ಬೀಳುತ್ತೆ ಅಂತ.

ಹಿಂದೆ ಹೀಗಿರಲಿಲ್ಲ. ತಪ್ಪಲೆಯಲ್ಲಿ ಎಸರು ಕುದಿಯೋದು ಕಾಣುತ್ತಿತ್ತು, ಒಂದು ಅಗುಳು ತೆಗೆದು ಹಿಸುಕಿದರೆ ಸಂಗತಿ ಗೊತ್ತಾಗುತ್ತಿತ್ತು. ಕುಕ್ಕರ್ ಬಂದು ಕಣ್ಣಿಗೆ ಮುಚ್ಚಳ ಹಾಕಿತು, ಕೆಲಸವನ್ನು ಕಿವಿಗೆ ವರ್ಗ ಮಾಡಿತು. ಕಿವಿಯನ್ನು ನಂಬಿ ಕೆಲಸ ಕೊಡಬಾರದು. ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಬಾಯಿಗೆ ತುಟಿ ಕೊಟ್ಟ, ಕಿವಿಯನ್ನು ಮಾತ್ರ ಛತ್ರದ ಬಾಗಿಲ ಹಾಗೆ ತೆರೆದು ಬಿಟ್ಟ. ಯಾರು ಬೇಕಾದರೂ ಬರಬಹುದು. ವಯಸ್ಸಾಗುತ್ತಾ ಆ ಬಾಗಿಲಿಗೆ ನಾವೇ ಒಂದು ಚಿಲಕ ಹಾಕಿಕೊಳ್ಳುತ್ತೇವೆ. ಗಂಡ ಮಾತಾಡಿದರೆ ಮುಚ್ಚಿಕೊಳ್ಳುತ್ತದೆ, ಸೊಪ್ಪಿನವನು ಕೂಗಿದರೆ ತೆರೆದುಕೊಳ್ಳುತ್ತದೆ. ಕೆಲವರಿಗೆ ಆ ಚಿಲಕ ಕೂರೋದೇ ಇಲ್ಲ. ನನ್ನ ಮೊಮ್ಮಗಳು ಚೈತ್ರ ಅಂಥವಳು.

ಚೈತ್ರ ನನ್ನ ಮಗಳು ವಿಜಯಳ ಮಗಳು. ಅಳಿಯ ಹೋದ ಮೇಲೆ ತಾಯಿ ಮಗಳು ಇಬ್ಬರೂ ನನ್ನ ಜೊತೆಗೇ ಇದ್ದಾರೆ. ಮದುವೆ ವಯಸ್ಸಿನ ಹುಡುಗಿ, ಡಿಗ್ರಿ ಮಾಡಿದ್ದಾಳೆ, ಬುದ್ಧಿ ಚುರುಕು. ಆದರೆ ಹಿಡಿದದ್ದನ್ನು ಮುಗಿಸಿದ್ದು ನಾನು ನೋಡಿಲ್ಲ. ಹೊಲಿಗೆ ಕಲಿತಳು, ರವಿಕೆಗೆ ಒಂದು ತೋಳು ಹಚ್ಚಿ ಬಿಟ್ಟಳು. ಕೇಕ್ ಮಾಡುತ್ತೇನೆ ಅಂತ ಓವನ್ ತಂದಳು, ಈಗ ಅದರಲ್ಲಿ ನಾನು ಹುಣಸೆಹಣ್ಣು ಇಟ್ಟಿದ್ದೇನೆ. ಒಂದು ಸಲ ಮಂಚದ ಕೆಳಗೆ ಅಣಬೆ ಬೆಳೆಯೋಕೆ ಹೊರಟಳು. ಅಣಬೆ ಬರುವ ಹೊತ್ತಿಗೆ ಅವಳಿಗೆ ಮರೆತುಹೋಗಿತ್ತು. ಅಣಬೆಗೆ ಮರೆತಿರಲಿಲ್ಲ. ಒಂದು ಬೆಳಿಗ್ಗೆ ವಿಜಯ ಕಾಲು ಕೆಳಗಿಟ್ಟವಳು ಕಿರುಚಿಕೊಂಡದ್ದು ಇಡೀ ವಠಾರಕ್ಕೆ ಕೇಳಿತು.

ಹೋದ ವರ್ಷ ಹುಡುಗಿ ತಾನಾಗಿಯೇ ಬಸವನಗುಡಿಯಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದಳು. ಜೊತೆಗೆ ನಾನೂ ಹೋಗಿದ್ದೆ, ಮನೆಯಲ್ಲಿ ಬೇರೆ ಕೆಲಸವಿರಲಿಲ್ಲ. ಡಾಕ್ಟರಮ್ಮ ಸಮಾಧಾನದ ಹೆಂಗಸು. ನಾನು ಮಾತಾಡ್ತಿರೋವಾಗ ನಿನಗೆ ಬೇರೆ ಏನೇನು ಕೇಳ್ತಿದೆ ಅಂತ ಕೇಳಿದರು. ಚೈತ್ರ ಶುರು ಮಾಡಿದಳು. ಫ್ಯಾನಿನ ಮೂರನೇ ರೆಕ್ಕೆ ಕಿರಿಕಿರಿ ಅಂತಿದೆ, ಹೊರಗೆ ಓಡಾಡ್ತಿರೋ ಅಂಕಲ್ ಚಪ್ಪಲಿ ಉಂಗುಷ್ಠ ಕಿತ್ತು ಪಟಪಟ ಅಂತಿದೆ, ನಿಮ್ಮ ಟೇಬಲ್ ಡ್ರಾಯರಿನಲ್ಲಿ ಫೋನು ಗುರ್ ಅಂತಿದೆ. ಡಾಕ್ಟರಮ್ಮ ಡ್ರಾಯರ್ ತೆಗೆದು ನೋಡಿದರು. ಹೌದು, ಬೆಳಿಗ್ಗೆಯಿಂದ ಹುಡುಕುತ್ತಿದ್ದರಂತೆ.

ಎ.ಡಿ.ಎಚ್.ಡಿ. ಅಂದರು. ನಾಲ್ಕು ಅಕ್ಷರ. ಕಾಯಿಲೆಯೇನಮ್ಮಾ ಅಂತ ನಾನು ಕೇಳಿದೆ. ಮೆದುಳು ಕೆಲಸ ಮಾಡೋ ರೀತಿಯೇ ಬೇರೆ, ಇಷ್ಟವಾದದ್ದಕ್ಕೆ ಅಂಟಿಕೊಂಡರೆ ಊಟ ನಿದ್ದೆ ಇಲ್ಲ, ಬೇಡವಾದದ್ದಕ್ಕೆ ಕೂರಿಸೋಕಾಗಲ್ಲ ಅಂತ ಬಿಡಿಸಿ ಹೇಳಿದರು. ಗುಳಿಗೆ ಬರೆದುಕೊಟ್ಟರು. ಅದರಿಂದ ಗುಣ ಕಂಡಿತು, ಸುಳ್ಳು ಹೇಳಬಾರದು. ಕಷ್ಟ ಇದ್ದದ್ದು ಒಂದೇ, ಮರೆವಿಗೆ ಕೊಟ್ಟ ಗುಳಿಗೆಯನ್ನು ಮರೆಯದೆ ನುಂಗಬೇಕು. ನೆನಪಿಸುವ ಕೆಲಸ ನನಗೆ ಬಂತು. ನನಗೆ ನೆನಪಿಸುವ ಕೆಲಸ ಪದ್ಮಮ್ಮನಿಗೆ ಬಂತು. ಈಗಲೂ ಬೆಳಿಗ್ಗೆ ಎದುರುಮನೆ ಕಿಟಕಿಯಿಂದ “ಅಕ್ಕಾ, ಗುಳಿಗೆ” ಅಂತ ಕೂಗು ಬರುತ್ತದೆ, ವಠಾರದಲ್ಲಿ ಬೇರೆ ಬೇರೆ ಕಾಯಿಲೆಯವರೆಲ್ಲ ಅದೇ ಕೂಗಿಗೆ ತಂತಮ್ಮ ಗುಳಿಗೆ ನುಂಗುತ್ತಾರೆ.

ಡಾಕ್ಟರಮ್ಮ ಹೇಳಿದ್ದು ಅಷ್ಟಾದರೆ ಚೈತ್ರಳ ಫೋನು ಹೇಳಿದ್ದು ಇನ್ನಷ್ಟು. ಅದರಲ್ಲಿ ಒಬ್ಬ ಕೋಟು ಹಾಕಿದವನು ಓಡಾಡಿಕೊಂಡು ಮಾತಾಡುತ್ತಾನೆ. ಇದು ಶಾಪವಲ್ಲ, ಶಕ್ತಿ, ಹೊಸ ಹೊಸ ಕಂಪನಿ ಕಟ್ಟಿದವರಲ್ಲಿ ಬಹಳ ಜನ ಇಂಥವರೇ ಅಂತಾನೆ. ಚೈತ್ರ ಅದನ್ನು ನನಗೆ ತೋರಿಸಿ, ನೋಡಜ್ಜಿ, ನಂದು ಶಕ್ತಿ ಅಂದಳು. ನಾನು ಹೇಳಿದೆ, ಗೂಳಿಗೂ ಶಕ್ತಿ ಇದೆ ಕಣೆ, ಬಳೇಪೇಟೆ ಗಲ್ಲಿಯೊಳಕ್ಕೆ ಬಿಟ್ಟರೆ ಬಳೆ ಅಂಗಡಿಯವನು ಅದನ್ನು ಶಕ್ತಿ ಅಂತಾನಾ ಅಂತ. ಶಕ್ತಿ ಅನ್ನೋದು ನೊಗ ಸಿಕ್ಕಮೇಲೆ ಬರೋ ಮಾತು. ಅಲ್ಲಿವರೆಗೆ ಬರೀ ಧೂಳು.

ವಿಜಯಳಿಗೆ ಶಕ್ತಿಯೂ ಬೇಡ, ಧೂಳೂ ಬೇಡ. ಅವಳಿಗೆ ಮಗಳು ಒಂದು ಕುರ್ಚಿಯಲ್ಲಿ ಕೂರಬೇಕು. ನೆಂಟರೊಬ್ಬರ ಸಹಕಾರ ಸಂಘದಲ್ಲಿ ಕೆಲಸ ಹೇಳಿಟ್ಟಿದ್ದಳು. ಬೆಳಿಗ್ಗೆ ಹೋಗಿ ಕೂತು ಸಂಜೆ ಎದ್ದು ಬರೋದು, ನಡುವೆ ಸೀಲು ಒತ್ತೋದು. ರಾಮನವಮಿ ಆದ ಮೇಲಿನ ಸೋಮವಾರದಿಂದ ಅಂತ ಮಾತಾಗಿತ್ತು. ಅದಕ್ಕಾಗಿ ಒಂದು ಸ್ಟೀಲಿನ ಟಿಫಿನ್ ಡಬ್ಬಿ ತಂದು ಷೋಕೇಸಿನಲ್ಲಿ ದೇವರ ಹಾಗೆ ಕೂರಿಸಿದ್ದಳು. ಅಷ್ಟರೊಳಗೆ ನೀನು ನಿಂತು ತೋರಿಸೋ ಅಂಥ ಸ್ವಂತ ವ್ಯವಹಾರ ಏನಾದ್ರೂ ಮಾಡಿದ್ರೆ ಸರಿ, ಇಲ್ಲದಿದ್ರೆ ಸೀಲು ಅಂತ ಮಗಳಿಗೆ ಕಡಾಖಂಡಿತವಾಗಿ ಹೇಳಿದಳು. ಚೈತ್ರ ಆ ಡಬ್ಬಿಯ ಮುಂದೆ ಹಾದುಹೋಗುವಾಗೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಜೈಲಿಗೆ ಹೋಗೋ ಮುಂಚೆ ಅಲ್ಲಿನ ತಟ್ಟೆ ತೋರಿಸಿದ ಹಾಗೆ.

ವಿಷಲ್ ವಿಷಯ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಒಂದು ಬೆಳಿಗ್ಗೆ ಚೈತ್ರ ಅಂಗಳದ ಕಡೆ ಬಾಗಿಲಲ್ಲಿ ಕೂತು ಅರ್ಧ ಜಡೆ ಹಾಕಿಕೊಂಡು ಯಾವುದೋ ಇರುವೆ ಸಾಲು ನೋಡುತ್ತಿದ್ದಳು. ಎಲ್ಲರ ಮನೆ ಕುಕ್ಕರುಗಳೂ ಕೂಗುತ್ತಿದ್ದವು. ತಲೆ ಎತ್ತದೆ ಹೇಳಿದಳು, “ಅಜ್ಜಿ, ನಿಂದಿನ್ನೂ ಒಂದೂ ಕೂಗಿಲ್ಲ, ಯಾಕೆ ಆರಿಸ್ದೆ? ಅದು ಪದ್ಮಾಂಟಿದು. ನಮ್ಮದು ಬೈಸ್ಕೊಂಡೋರ ಥರ ಕೂಗುತ್ತೆ. ಅವರದು ಸೀನಿದ ಹಾಗೆ.” ಆಮೇಲೆ ಗಟ್ಟಿಯಾಗಿ, ಪದ್ಮಾಂಟಿ ನಿಮ್ಮದು ಮೂರಾಯ್ತು ಆರಿಸಿ, ಮೇಲ್ಮನೆ ಗೌಡ್ರ ಮನೇದು ಬೇಳೆ ಉಕ್ಕಿ ಮೂಗು ಕಟ್ಟಿದೆ, ನೋಡ್ಕೊಳ್ಳಿ ಅಂದಳು. ಗೌಡರ ಹೆಂಡತಿ ಹೋಗಿ ನೋಡಿದರೆ ನಿಜ, ವೆಯ್ಟಿನ ತೂತಿನಲ್ಲಿ ಬೇಳೆ ಸಿಕ್ಕಿತ್ತು.

ಆವತ್ತು ನಮ್ಮ ವಠಾರದಲ್ಲಿ ಮೊದಲ ಸಲ ಎಲ್ಲರ ಮನೆಯಲ್ಲೂ ಅನ್ನ ಅನ್ನದ ಹಾಗಿತ್ತು. ಕೆಲವರಿಗೆ ಅದು ಸೇರಲಿಲ್ಲ. ಪದ್ಮಮ್ಮನ ಗಂಡ ಇಷ್ಟು ವರ್ಷ ಮುದ್ದೆಯಂಥ ಅನ್ನ ತಿಂದವರು, ಇದೇನೇ ಅಕ್ಕಿ ಬದಲಾಯಿಸಿದೆಯಾ ಅಂತ ಸಿಡುಕಿದರಂತೆ.

ಅಲ್ಲಿಂದ ಚೈತ್ರಳಿಗೆ ಹುಚ್ಚು ಹತ್ತಿತು. ದಿನಾ ಬೆಳಿಗ್ಗೆ ಟ್ಯಾಂಕಿನ ಮೆಟ್ಟಿಲ ಮೇಲೆ ಹೋಗಿ ಕೂರುವಳು. ಕೂರುವಳು ಅನ್ನೋದನ್ನು ಗಮನಿಸಿ. ವಠಾರದವರನ್ನು ಕೂಗಿ ಹೇಳುವಳು, ಗಲ್ಲಿಯಾಚೆ ಎದ್ದಿರುವ ಹೊಸ ಫ್ಲ್ಯಾಟಿನವರಿಗೆ ಫೋನಿನಲ್ಲಿ ತಿಳಿಸುವಳು. ಅಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಕುಕ್ಕರ್ ಇಟ್ಟು ಒಬ್ಬರು ಸ್ನಾನಕ್ಕೆ ಹೋಗುತ್ತಾರೆ, ಇನ್ನೊಬ್ಬರು ಮಗುವಿಗೆ ಸಾಕ್ಸ್ ಹುಡುಕುತ್ತಾರೆ, ಅನ್ನವನ್ನು ದೇವರಿಗೆ ಬಿಟ್ಟಿರುತ್ತಾರೆ. ಚೈತ್ರಳ ಷರತ್ತು ಒಂದೇ, ಅಡುಗೆಮನೆ ಕಿಟಕಿ ತೆರೆದಿರಬೇಕು. ‘ನಿಮ್ಮದಾಯ್ತು, ಆರಿಸಿ’ ಅಂತ ಫೋನು ಬಂದ ತಕ್ಷಣ ಒಬ್ಬ ಮಹಾಶಯ ಟವೆಲ್ ಸುತ್ತಿಕೊಂಡು ಮೈತುಂಬ ಸೋಪಿನ ಸಮೇತ ಒಲೆ ಹತ್ತಿರ ಓಡುವುದು ನಮ್ಮ ಅಂಗಳಕ್ಕೆ ದಿನಾ ಕಾಣುತ್ತಿತ್ತು. ಬೆಳಗಿನ ಸಮಯ ನೋಡಿಕೊಳ್ಳೋಕೆ ನಮಗದು ಅನುಕೂಲವಾಯಿತು.

ಹೊಸ ಗಿರಾಕಿಗಳು ಕುಕ್ಕರ್ ತಂದು ಕೇಳಿಸಿ ಹೋಗಬೇಕಿತ್ತು. ಕೂಸನ್ನು ಜೋಯಿಸರ ಹತ್ತಿರ ತಂದ ಹಾಗೆ ತರುವರು. ನಮ್ಮ ಒಲೆಯ ಮೇಲಿಟ್ಟು ನೀರು ಹಾಕಿ ಕೂಗಿಸೋದು, ಚೈತ್ರ ಕಣ್ಣುಮುಚ್ಚಿ ಕೇಳಿ ಅದಕ್ಕೊಂದು ಹೆಸರಿಡೋದು. ಕೆಮ್ಮಪ್ಪ, ಕಲಾಸಿಪಾಳ್ಯ ಬಸ್ಸು, ಅತ್ತೆ ನಿಟ್ಟುಸಿರು, ಹೀಗೆ. ನಿವೃತ್ತರಾದ ಒಬ್ಬ ಮೇಷ್ಟ್ರು ಕುಕ್ಕರಿಗೆ ಶಾಲು ಹೊದಿಸಿಕೊಂಡು ಬಂದಿದ್ದರು. ಚಳಿಗೋ ಸನ್ಮಾನಕ್ಕೋ ಕೇಳಲಿಲ್ಲ. ಇನ್ನೊಬ್ಬಳು ಮಲ್ಲೇಶ್ವರದಿಂದ ಬಂದು, ಕುಕ್ಕರ್ ಬೇಡ, ನಮ್ಮನೆಯವರ ಗೊರಕೆ ನಿಲ್ಲಿಸೋ ಹೊತ್ತಿಗೆ ಫೋನ್ ಮಾಡ್ತೀರಾ ಅಂದಳು. ಚೈತ್ರ ಯೋಚನೆ ಮಾಡೋಕೆ ಶುರುಮಾಡಿದಳು. ನಾನು ಆ ಹೆಂಗಸಿಗೆ ಕಾಫಿ ಕೊಟ್ಟು ಕಳಿಸಿದೆ.

ವಠಾರದವರು ಕೂಲಿಗೆ ಒಂದು ಬಟ್ಟಲು ಸಾರು ಅಂತ ತಾವೇ ನಿಗದಿ ಮಾಡಿಕೊಂಡರು. ದಿನಾ ನಮ್ಮ ಬಾಗಿಲಲ್ಲಿ ಬಟ್ಟಲುಗಳ ಸಾಲು. ಗೌಡರ ಮನೆ ಉಪ್ಸಾರು, ಪದ್ಮಮ್ಮನ ಬೇಳೆ ಸಾರು, ಹಿಂದಿನ ಮನೆಯವರ ಟೊಮೇಟೊ ಗೊಜ್ಜು. ಊಟಕ್ಕೆ ಕೂತರೆ ಮದುವೆ ಮನೆಯ ಉಳಿಕೆ ಹಂಚಿಕೊಂಡ ಹಾಗೆ. ಫ್ಲ್ಯಾಟಿನವರು ಸಾರು ಮಾಡುವಷ್ಟು ಬಿಡುವಿಲ್ಲದವರು, ಫೋನಿನಲ್ಲೇ ದುಡ್ಡು ಹಾಕುತ್ತಿದ್ದರು. ಇಷ್ಟಾದರೂ ವಿಜಯ ಒಪ್ಪಲಿಲ್ಲ. ಇದೂ ಅಣಬೆಯೇ, ಕಾದು ನೋಡು ಅಂದಳು. ಸುಮ್ಮನೆ ಅಂದು ಬಿಡಲಿಲ್ಲ, ದಿನಾ ಬೆಳಿಗ್ಗೆ ಅಡುಗೆಮನೆ ಕಿಟಕಿಗೆ ಒರಗಿ ನಿಂತು ಮಗಳು ಎಲ್ಲಿ ತಪ್ಪುತ್ತಾಳೆ ಅಂತ ಒಂದೊಂದು ವಿಷಲ್ಲನ್ನೂ ಬೆರಳು ಮಡಿಸಿ ಎಣಿಸುವಳು. ಚಿಂತೆ ಮಾಡೋದು ಅವಳಿಗೆ ಕಸುಬು. ಚಿಕ್ಕವಳಿದ್ದಾಗ ಶಾಲೆಗೆ ರಜ ಕೊಟ್ಟರೆ ಯಾಕೆ ಕೊಟ್ಟರು ಅಂತ ಅಳುತ್ತಿದ್ದವಳು.

ಈ ನಡುವೆ ಪದ್ಮಮ್ಮನ ತಂಗಿ ಮಗ ನಿಖಿಲ್ ಅನ್ನೋ ಗಡ್ಡದ ಹುಡುಗ ಬಂದ. ಹೊಸದಾಗಿ ವ್ಯವಹಾರ ಶುರುಮಾಡುವವರಿಗೆ ಬಂಡವಾಳ ಹಾಕುವ ಕಡೆ ಅವನಿಗೆ ಕೆಲಸ. ಮೆಟ್ಟಿಲ ಮೇಲೆ ಚೈತ್ರ ಮಾಡೋದನ್ನು ನೋಡಿ ಅವನ ಕಾಫಿ ಆರಿಹೋಯಿತು. ಅಜ್ಜಿ, ಇಡೀ ಬೆಂಗಳೂರಿನಲ್ಲಿ ಎಷ್ಟು ಕುಕ್ಕರ್ ಇರಬಹುದು ಯೋಚಿಸಿ ಅಂದ. ಆ ಕೆಲಸ ನನ್ನಿಂದಾಗಲ್ಲಪ್ಪ ಅಂದೆ. ಒಂದು ಡಬ್ಬಿ ಮಾಡಿಸಿಕೊಂಡು ಬಂದ, ಅದಕ್ಕೊಂದು ಕಿವಿ. ಟ್ಯಾಂಕಿನ ಮೇಲಿಟ್ಟರೆ ಅದೇ ವಿಷಲ್ ಕೇಳಿ ಅದೇ ಎಲ್ಲರಿಗೂ ಫೋನು ಮಾಡುತ್ತಂತೆ. ಚೈತ್ರ ಒಂದು ವಾರ ಅದರ ಜೊತೆ ಕೂತು ಯಾವ ಕುಕ್ಕರ್ ಹೇಗೆ ಕೂಗುತ್ತೆ ಅಂತ ಹೇಳಿಕೊಟ್ಟಳು. ಡಬ್ಬಿಗೆ ಅರ್ಥವಾಯಿತು ಅಂದ ನಿಖಿಲ್. ನಮ್ಮ ಆಫೀಸಿನ ಮೇಲಿನವರನ್ನು ಕರೆದುಕೊಂಡು ಬರುತ್ತೇನೆ, ಅವರು ನೋಡಿ ಒಪ್ಪಿದರೆ ಕಂಪನಿಯೇ ಶುರು ಅಂತ ಹೇಳಿ, ರಜ ಇರುತ್ತೆ ಅಂತ ರಾಮನವಮಿ ದಿನವೇ ಗೊತ್ತು ಮಾಡಿದ. ವಿಜಯಳೂ ಬೇರೆ ದಾರಿಯಿಲ್ಲದೆ ತಲೆಯಾಡಿಸಿದಳು. ಆವತ್ತು ಗೆದ್ದರೆ ಚೈತ್ರ ತನ್ನ ದಾರಿ ಹಿಡಿಯೋದು, ಸೋತರೆ ಸೋಮವಾರ ಟಿಫಿನ್ ಡಬ್ಬಿ ಹಿಡಿಯೋದು.

ರಾಮನವಮಿ ದಿನ ಚಾಮರಾಜಪೇಟೆಯಲ್ಲಿ ಪರೀಕ್ಷೆ ಇಟ್ಟುಕೊಂಡವನ ಬುದ್ಧಿಗೆ ಏನು ಹೇಳೋದು. ಗಲ್ಲಿ ಮೂಲೆಯಲ್ಲಿ ಚಪ್ಪರ, ಚಪ್ಪರದಲ್ಲಿ ಮೈಕು, ಮೈಕಿನ ಮುಂದೆ ನಾಗಸ್ವರ. ನಿಖಿಲ್‌ನ ಮೇಲಿನವರು ಬಂದರು. ಬಿಳಿ ಬೂಟಿನ ತೆಳ್ಳನೆಯ ಮನುಷ್ಯ, ಪ್ಲಾಸ್ಟಿಕ್ ಕುರ್ಚಿ ಹಾಕಿ ತೆಂಗಿನಮರದ ಕೆಳಗೆ ಕೂರಿಸಿದೆವು. ಎಲ್ಲ ಮನೆಗಳಲ್ಲೂ ಹಬ್ಬದ ಕುಕ್ಕರ್ ಏರಿತು. ನಿಖಿಲ್ ಡಬ್ಬಿಯ ಗುಂಡಿ ಒತ್ತಿದ. ಅದೇ ಹೊತ್ತಿಗೆ ಮೂಲೆಯಲ್ಲಿ ನಾಗಸ್ವರದವರು ಒಂದು ಸ್ವರ ಹಿಡಿದು, ಉಸಿರು ಬಿಡದೆ ಎಳೆದರು.

ಡಬ್ಬಿ ಅದನ್ನು ವಿಷಲ್ ಅಂದುಕೊಂಡಿತು. ಒಂದು ಮನೆಯ ವಿಷಲ್ ಅಲ್ಲ, ಎಲ್ಲ ಮನೆಯದ್ದು. ಟಣಟಣ ಅಂತ ವಠಾರದ ಫೋನುಗಳು, ಫ್ಲ್ಯಾಟಿನ ಫೋನುಗಳು ಒಟ್ಟಿಗೇ ಬಡಿದುಕೊಂಡವು. ನಿಮ್ಮದಾಯ್ತು, ಆರಿಸಿ. ಎಲ್ಲರೂ ವಿಧೇಯರಾಗಿ ಆರಿಸಿದರು. ಪದ್ಮಮ್ಮ ಇನ್ನೂ ವೆಯ್ಟೇ ಹಾಕಿರಲಿಲ್ಲ, ಆದರೂ ಆರಿಸಿದಳು. ಅಷ್ಟರಲ್ಲಿ ನಾಗಸ್ವರ ಇನ್ನೊಂದು ಸ್ವರ ಹಿಡಿಯಿತು. ಮತ್ತೆ ಫೋನು. ಆರಿಸಿದ್ದೀವಲ್ಲಪ್ಪ ಅಂತ ಕೆಲವರು ಗಾಬರಿಯಾಗಿ ಮತ್ತೆ ಹಚ್ಚಿದರು. ಸೋಪಿನ ಮಹಾಶಯ ಮೂರು ಸಲ ಬಂದು ಹೋದ.

ಸರಿ, ಡಬ್ಬಿ ತಪ್ಪಿದರೆ ಚೈತ್ರ ಇದ್ದಾಳಲ್ಲ ಅಂತ ಎಲ್ಲರೂ ಮೆಟ್ಟಿಲ ಕಡೆ ತಿರುಗಿದರೆ ಮೆಟ್ಟಿಲು ಖಾಲಿ. ನಾನು ಗಲ್ಲಿಗೆ ಇಳಿದು ನೋಡಿದೆ. ನಮ್ಮ ಹುಡುಗಿ ಚಪ್ಪರದಲ್ಲಿ ನಾಗಸ್ವರದವರ ಮುಂದೆ ಕುಕ್ಕರುಗಾಲಲ್ಲಿ ಕೂತು, ವಾದ್ಯದ ತುದಿಯನ್ನು ಬೆಕ್ಕು ಮೀನು ನೋಡಿದ ಹಾಗೆ ನೋಡುತ್ತಿದ್ದಳು. ಕರೆದೆ, ಕೇಳಿಸಲಿಲ್ಲ. ಎಲ್ಲವೂ ಕೇಳಿಸುವ ಹುಡುಗಿಗೆ ಒಂದರಲ್ಲಿ ಮುಳುಗಿದರೆ ಅಜ್ಜಿಯ ಕೂಗೂ ಕೇಳಿಸೋದಿಲ್ಲ.

ವಾಪಸು ಬಂದರೆ ಅಂಗಳದಲ್ಲಿ ಇನ್ನೊಂದು ಧ್ವನಿ. ವಿಜಯ ತಲೆಗೆ ಸ್ನಾನದ ಟವೆಲ್ ಸುತ್ತಿಕೊಂಡು ಟ್ಯಾಂಕಿನ ಮೆಟ್ಟಿಲ ಮೇಲೆ ನಿಂತಿದ್ದಾಳೆ. “ಗೌಡ್ರ ಮನೇದು ಈಗ ಎರಡೇ, ಹಚ್ಚಿ ಒಲೆ. ಪದ್ಮಕ್ಕ, ವೆಯ್ಟ್ ಹಾಕಿ ಮೊದಲು. ಫ್ಲ್ಯಾಟ್‌ನೋರೇ, ಮೂರನೇ ಮಹಡಿ, ನಿಮ್ಮದು ಮುಗೀತು, ಆರಿಸ್ರೀ.” ಮಗಳ ತಪ್ಪು ಹಿಡಿಯೋಕೆ ಅಂತ ಕಿಟಕಿಯಲ್ಲಿ ನಿಂತು ನಿಂತು ಅಷ್ಟೂ ಕುಕ್ಕರುಗಳ ದನಿ ಅವಳಿಗೆ ಬಾಯಿಪಾಠವಾಗಿತ್ತು. ಬಿಳಿ ಬೂಟಿನವರು ನನ್ನ ಕಡೆ ಬಗ್ಗಿ ಇವರು ಯಾರು ಅಂತ ಕೇಳಿದರು. ನಮ್ಮ ವಿರೋಧ ಪಕ್ಷ ಅಂದೆ.

ಅರ್ಧ ಮನೆಗಳ ಅನ್ನ ಉಳಿಯಿತು, ಅರ್ಧ ಕೆಟ್ಟಿತು. ದೇವರು ದೊಡ್ಡವನು, ಕೆಟ್ಟದ್ದು ರಾಮನವಮಿಯ ದಿನವೇ. ವರ್ಷದಲ್ಲಿ ಒಲೆ ಹಚ್ಚದಿದ್ದರೂ ಹೊಟ್ಟೆ ತುಂಬುವ ಹಬ್ಬ ಅದೊಂದೇ. ಬಕೆಟ್ಟುಗಟ್ಟಲೆ ಪಾನಕ, ನೀರು ಮಜ್ಜಿಗೆ, ಬೇಸಿನ್ನಿನಲ್ಲಿ ಹೆಸರುಬೇಳೆ ಕೋಸಂಬರಿ. ಎಲ್ಲರೂ ಅದನ್ನೇ ತಿಂದರು. ಬಿಳಿ ಬೂಟಿನವರು ಎರಡು ಸಲ ಹಾಕಿಸಿಕೊಂಡರು, ಬಂಡವಾಳದ ಮಾತು ಎತ್ತಲಿಲ್ಲ, ಕೈ ತೊಳೆದು ಹೊರಟರು. ನಿಖಿಲ್ ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವರ ಹಿಂದೆ ಹೋದ. ಡಬ್ಬಿ ಇನ್ನೂ ಫೋನು ಮಾಡುತ್ತಲೇ ಇತ್ತು.

ಸಂಜೆ ವಿಜಯ ಷೋಕೇಸಿನಿಂದ ಟಿಫಿನ್ ಡಬ್ಬಿ ತೆಗೆದು ತೊಳೆದು ಬೋರಲು ಹಾಕಿದಳು. ಬೈಯಲಿಲ್ಲ. ವಿಜಯ ಬೈಯದಿದ್ದರೆ ವಿಷಯ ಮುಗಿದಿದೆ ಅಂತ ಅರ್ಥ. ಚೈತ್ರ ಗೋಡೆಗೆ ಒರಗಿ ಕೂತಿದ್ದಳು, ಯಾವಾಗಲೂ ಕುಣಿಯುವ ಅವಳ ಕಾಲು ಆ ದಿನ ಅಲ್ಲಾಡುತ್ತಿರಲಿಲ್ಲ. ನನಗೆ ಸಮಾಧಾನ ಹೇಳೋಕೆ ಬರೋದಿಲ್ಲ. ಇದ್ದದ್ದನ್ನು ಕೇಳಿದೆ.

“ಬೇಜಾರಾಗೋಗಿತ್ತಾ?”

“ಆಗೋಗಿತ್ತು ಅಜ್ಜಿ. ಎಲ್ಲ ಕುಕ್ಕರೂ ಗೊತ್ತಾಗೋಯ್ತು. ಗೊತ್ತಾದ್ಮೇಲೆ ಕೂತ್ಕೊಳ್ಳೋಕೇ ಆಗ್ತಿಲ್ಲ.”

ತಾಯಿಗೆ ಇದು ಕೇಳಿಸಿತು. ನೋಡಿದ್ಯಾ, ನಾನು ಹೇಳ್ಲಿಲ್ವಾ, ಅಣಬೆ ಅಂತ ಅಂದಳು. ಆಗ ನನ್ನ ತಲೆಗೂ ಒಂದು ವಿಷಲ್ ಹೊಡೆಯಿತು. ಫೋನಿನಲ್ಲಿ ಓಡಾಡುವ ಕೋಟಿನವನು ಅರ್ಧ ಹೇಳಿ ಅರ್ಧ ನುಂಗಿದ್ದಾನೆ. ಇಂಥವರು ಕಂಪನಿ ಶುರುಮಾಡುತ್ತಾರೆ ಅಂದನಲ್ಲ, ಶುರುಮಾಡಿದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದು ಕಸ ಗುಡಿಸಿದವರು ಯಾರು ಅಂತ ಹೇಳಲಿಲ್ಲ. ನಮ್ಮ ಯಜಮಾನರು ಅಂಗಡಿಯಲ್ಲಿ ದಿನವಿಡೀ ಅದೇ ದಿಂಬಿಗೆ ಒರಗಿ ಕೂರುತ್ತಿದ್ದರು. ಆದರೆ ಆ ಅಂಗಡಿ ಹಾಕಿದ್ದು ಅವರಲ್ಲ, ಅವರಣ್ಣ. ಅವರಣ್ಣ ಅಂಗಡಿ ಹಾಕಿ, ಬೇಜಾರಾಗಿ, ಕುದುರೆ ಸಾಕೋಕೆ ಹೋದರು. ಕುದುರೆ ಅವರನ್ನು ಒದ್ದಿತು. ಒದೆಸಿಕೊಂಡವರ ಅಂಗಡಿಯಲ್ಲಿ ಕೂತು ನಾವು ಮಕ್ಕಳನ್ನು ಸಾಕಿದೆವು.

ವಿಜಯಳಿಗೆ ಹೇಳಿದೆ. “ನೀನು ಕೂರೋಕೆ ಹುಟ್ಟಿದೋಳು, ಅವಳು ಏಳೋಕೆ ಹುಟ್ಟಿದೋಳು. ಕುರ್ಚಿಗೆ ತಪ್ಪು ಹೆಸರು ಬರೆಸ್ತಿದೀಯ ಕಣೆ. ಡಬ್ಬಿ ನಿಂದು.”

ಅವಳು ಬೋರಲು ಹಾಕಿದ್ದ ಡಬ್ಬಿಯನ್ನು ಎತ್ತಿ ಒರೆಸಿದಳು. ಆಮೇಲೆ, ಗೌಡರ ಮನೆ ವೆಯ್ಟ್ ಸವೆದಿದೆ, ಒಂದು ವಿಷಲ್ ಜಾಸ್ತಿ ಹಿಡೀಬೇಕು, ಇವಳು ಅದನ್ನು ಲೆಕ್ಕಕ್ಕೇ ತಗೊಂಡಿರ್ಲಿಲ್ಲ ಅಂದಳು. ಅದು ಒಪ್ಪಿಗೆ.

ಸೋಮವಾರ ಬೆಳಿಗ್ಗೆ ವಿಜಯ ಕೂದಲು ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಟಿಫಿನ್ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟಳು. ಅಂಗಳ ದಾಟಿ ಟ್ಯಾಂಕಿನ ಮೆಟ್ಟಿಲು ಹತ್ತಿ ಕೂತಳು. ಮನೆ ಹತ್ತೇ ಹೆಜ್ಜೆ, ಆದರೂ ಊಟಕ್ಕೆ ಇಳಿಯಲಿಲ್ಲ, ಮೆಟ್ಟಿಲ ಮೇಲೆಯೇ ಡಬ್ಬಿ ಬಿಚ್ಚಿ ತಿಂದಳು. ಕೆಲಸ ಅಂದರೆ ಕೆಲಸ ಅಂದಳು. ಅವಳು ಬಂದ ಮೇಲೆ ಗಿರಾಕಿಗಳು ಹೆಚ್ಚಿದ್ದಾರೆ. ವಿಷಲ್ ಜೊತೆಗೆ ಉಚಿತವಾಗಿ ಚಿಂತೆಯನ್ನೂ ಮಾಡುತ್ತಾಳೆ. ಮೂರನೇ ಮಹಡಿಯವರೇ, ನಿನ್ನೆಯೂ ಅನ್ನ ಇವತ್ತೂ ಅನ್ನ, ಮಗುವಿಗೆ ಒಂದು ಚಪಾತಿ ಮಾಡಬಾರದಾ ಅಂತ ಕೇಳುತ್ತಾಳೆ. ಅವರು ಮಾಡುತ್ತಾರೆ. ಸಹಕಾರ ಸಂಘದ ನೆಂಟರು ಮುನಿಸಿಕೊಂಡರು. ಅವರ ಕುಕ್ಕರನ್ನೂ ಕೇಳಿಸಿಕೊಂಡ ಮೇಲೆ ಸರಿಹೋದರು.

ಚೈತ್ರ? ಅವಳು ಅದೇ ಸೋಮವಾರ ನಮ್ಮ ಕುಕ್ಕರಿನ ವೆಯ್ಟ್ ಜೇಬಿಗೆ ಹಾಕಿಕೊಂಡು ಬಳೇಪೇಟೆಗೆ ಹೋದಳು. ಅಲ್ಲಿ ಬಳೆ ಅಂಗಡಿಗಳ ಪಕ್ಕದಲ್ಲೇ ವಾದ್ಯದ ಅಂಗಡಿಗಳಿವೆ. ಒಬ್ಬ ವಾದ್ಯ ಮಾಡುವವರ ಮುಂದೆ ವೆಯ್ಟ್ ಇಟ್ಟು, ನಾಗಸ್ವರದ ತುದಿಗೆ ಹಾಕ್ತೀರಲ್ಲ ಪೀಪಿ, ಅಂಥದ್ದು ಇದರ ಮೇಲೆ ಕೂರಿಸೋಕಾಗುತ್ತಾ, ಒಬ್ಬೊಬ್ಬರ ಮನೆಗೆ ಒಂದೊಂದು ಶ್ರುತಿ ಬರಬೇಕು ಅಂದಳಂತೆ. ಅವರು ಮೊದಲು ಹಿಂದೆ ಮುಂದೆ ನೋಡಿದರು, ಇವಳ ಜೊತೆ ದೊಡ್ಡವರು ಯಾರಾದರೂ ಬಂದಿದ್ದಾರಾ ಅಂತ. ಸಂಜೆ ಹೊತ್ತಿಗೆ ಅವರೇ ಅಂಗಡಿ ಮುಚ್ಚಿ ನಮ್ಮ ಅಂಗಳಕ್ಕೆ ಬಂದರು. ಚಪ್ಪರದಲ್ಲಿ ಕೂತು ಹುಡುಗಿ ನೋಡಿದ್ದು ಇದನ್ನು. ಅನ್ನ ಕೆಡಿಸಿದ ಕಿವಿಯೇ ಮುಂದಿನ ವ್ಯವಹಾರ ಕೇಳಿಸಿಕೊಂಡು ಬಂದಿತ್ತು.

ಹಬೆ ಹೋಗುವ ದಾರಿಗೆ ಅಡ್ಡ ಬಂದರೆ ಮನೆ ಮೇಲೇಳುತ್ತೆ ಅಂತ ನಾನು ಮೊದಲೇ ಹೇಳಿದ್ದೆ. ಅದಕ್ಕೇ ಹಳೇ ಕುಕ್ಕರಿಗೆ ಬರೀ ನೀರು ಹಾಕಿ, ಅಂಗಳದ ನಡುವೆ ಒಲೆ ಇಟ್ಟು, ನಾವೆಲ್ಲ ಗೋಡೆ ಹಿಂದೆ ಬಗ್ಗಿ ಕೂತೆವು. ಮೊದಲನೆಯ ಪೀಪಿ ಹಾರಿ ತೆಂಗಿನಮರದಲ್ಲಿ ಸಿಕ್ಕಿಕೊಂಡಿತು, ಈಗಲೂ ಗಾಳಿ ಬೀಸಿದರೆ ಮರ ಕೂಗುತ್ತದೆ, ಪದ್ಮಮ್ಮ ಹೋಗಿ ಒಲೆ ಆರಿಸುತ್ತಾಳೆ. ಆಮೇಲಿನದನ್ನು ವೆಯ್ಟಿಗೆ ತಾಗದ ಹಾಗೆ ಪಕ್ಕದಲ್ಲಿ ನಿಲ್ಲಿಸಿದರು, ಅದು ನಿಂತಿತು, ಹಾಡಿತು. ಹಾಡಿತು ಅಂದರೆ ನಾಗಸ್ವರದವರು ಕೇಳಿದರೆ ಊರು ಬಿಡುತ್ತಾರೆ. ಆದರೆ ಬೇರೆ ಯಾವ ಮನೆಯದ್ದೂ ಹಾಗೆ ಕೂಗೋದಿಲ್ಲ, ನಮಗೆ ಬೇಕಾದದ್ದೂ ಅಷ್ಟೇ. ನಿಖಿಲ್ ಗಡ್ಡ ತೆಗೆಸಿಕೊಂಡು ಮತ್ತೆ ಬಂದಿದ್ದಾನೆ. ಈ ಸಲ ಡಬ್ಬಿ ತಂದಿಲ್ಲ, ಅಂಗಳದಲ್ಲಿ ಪೀಪಿಗೆ ನೂಲು ಸುತ್ತುತ್ತಾನೆ.

ಇಷ್ಟೆಲ್ಲ ಸರಿಹೋಯಿತು ಅನ್ನೋ ಹೊತ್ತಿಗೆ ನಿನ್ನೆ ಬೆಳಿಗ್ಗೆ ಚೈತ್ರ ಅರ್ಧ ಜಡೆಯಲ್ಲಿ ತೆಂಗಿನಮರದ ಕೆಳಗೆ ನಿಂತು, ಮೇಲೆ ಸಿಕ್ಕಿಕೊಂಡಿರುವ ಪೀಪಿಯನ್ನೂ ಗಾಳಿಯನ್ನೂ ಬಹಳ ಹೊತ್ತು ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ನಾನು ಹೋಗಿ ಪದ್ಮಮ್ಮನ ಬಾಗಿಲು ತಟ್ಟಿದೆ. ಪೀಪಿ ಕೆಲಸ ಬೇಗ ಕಲಿತುಕೊಳ್ಳೇ, ಇನ್ನೊಂದು ಕುರ್ಚಿ ಖಾಲಿಯಾಗ್ತಿದೆ ಅಂದೆ. ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೂ ಒಂದು ಟಿಫಿನ್ ಡಬ್ಬಿ ತೊಳೆದಿಟ್ಟಳು.

ಮೇಲೆ ಕೂತ ವಿಜಯ ಊರಿನವರ ವಿಷಲ್ ಎಲ್ಲ ಎಣಿಸುತ್ತಾಳೆ, ತನ್ನ ಮನೆಯದ್ದನ್ನು ಬಿಟ್ಟು. ಕೆಳಗೆ ನಿಂತ ಚೈತ್ರಳಿಗೆ ಕೇಳಿಸುತ್ತದೆ, ಆದರೆ ಅವಳ ಮನಸ್ಸು ಆಗಲೇ ಆ ಮರದ ಮೇಲಿರುತ್ತದೆ. ಹಾಗಾಗಿ ನಮ್ಮ ಮನೆ ಒಲೆ ಆರಿಸುವ ಕೆಲಸ ಮತ್ತೆ ನನ್ನ ಪಾಲಿಗೇ ಬಂದಿದೆ. ಹೊತ್ತಿಗೆ ಸರಿಯಾಗಿ ಆರಿಸುತ್ತೇನೆ. ಯಾರ ವಿಷಲ್ಲಿಗೆ ಅಂತ ಮಾತ್ರ ಕೇಳಬೇಡಿ.